ಕ್ಷಯರೋಗವೂ ವಂಶಗುಣವೂ

ಕ್ಷಯರೋಗಕ್ಕೆ ನಮ್ಮ ಪ್ರಾಚೀನರು ಇಟ್ಟ ಹೆಸರು ರಾಜಯಕ್ಷ್ಮ. ದಕ್ಷಬ್ರಹ್ಮನ ಇಪ್ಪತ್ತೇಳು ಮಂದಿ ಹೆಣ್ಣುಮಕ್ಕಳ ಕೈಹಿಡಿದ ಚಂದ್ರನು ರೋಹಿಣಿಯೊಬ್ಬಳಲ್ಲಿಯೇ ಅನುರಕ್ತನಾಗಿ ಉಳಿದವರನ್ನು ಕಡೆಗಣಿಸಿದನೆಂದೂ, ಮುನಿದ ಮಾವನು ಕ್ಷಯಿಸಿ ಹೋಗೆಂದು ಅಳಿಯನನ್ನು ಶಪಿಸಿದನೆಂದೂ ಪುರಾಣಗಳು ಹೇಳುತ್ತವೆ. ದಿನದಿನಕ್ಕೆ ಕೃಶನಾಗುತ್ತ ಹೋಗುವ ರೋಗಿಯನ್ನು ಕೃಷ್ಣಪಕ್ಷದ ಚಂದ್ರನೊಡನೆ ಹೋಲಿಸಿದ ಕಲ್ಪನೆ ಸೊಗಸಾದುದೇ ಸರಿ. ಆದರೆ ಆ ಕಥೆಯೊಳಗೆ ಒಂದು ತೀರ್ಪೂ ಅಡಗಿದೆ. ರೋಗದ ಕಾರಣ ರೋಗಿಯಲ್ಲಿಯೇ ಇದೆ, ಮಾಡಿದ್ದನ್ನು ಅವನು ಉಣ್ಣುತ್ತಿದ್ದಾನೆ ಎಂಬುದೇ ಆ ತೀರ್ಪು. ಕಾಲ ಕಳೆದಂತೆ ಶಾಪದ ಮಾತು ಹಿಂದೆ ಸರಿದು ರಕ್ತದ ಮಾತು ಮುಂದೆ ಬಂದಿತು. 'ಆ ಮನೆತನದಲ್ಲಿ ಕ್ಷಯ ಇದೆ' ಎಂಬ ಒಂದು ಮಾತಿನಿಂದ ಕೂಡಿಬಂದ ಸಂಬಂಧಗಳು ಮುರಿದುಬೀಳುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಮನೆತನದ ಮೇಲೆ ಹೊರಿಸಿದ ಈ ಮಾತನ್ನು ಇಡೀ ಜನಾಂಗಗಳ ಮೇಲೆ ಹೊರಿಸಿದ್ದೂ ಉಂಟು. ಅದರಲ್ಲಿ ಸತ್ಯವೆಷ್ಟು, ಅಪವಾದವೆಷ್ಟು ಎಂಬುದನ್ನು ಇತಿಹಾಸದ ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು ಪರಿಶೀಲಿಸಬೇಕೆಂಬುದು ಈ ಹೊತ್ತಿನ ನನ್ನ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಈ ವಿಷಯವಾಗಿ ಎರಡು ಪಕ್ಷಗಳಿದ್ದವು. ಇಟಲಿ, ಸ್ಪೇನ್ ಮೊದಲಾದ ದಕ್ಷಿಣದ ದೇಶಗಳಲ್ಲಿ ಕ್ಷಯವು ಅಂಟುರೋಗವೆಂಬ ನಂಬಿಕೆ ಬಲವಾಗಿತ್ತು. ಉತ್ತರದ ವೈದ್ಯರಲ್ಲಿ ಹೆಚ್ಚಿನವರು ಅದನ್ನು ಹುಟ್ಟಿನಿಂದ ಬಂದ ದೇಹಪ್ರಕೃತಿಯ ಫಲವೆಂದು ತಿಳಿದಿದ್ದರು. ಸಂಗೀತಗಾರ ಶೋಪ್ಯಾನ್ 1838ರ ಚಳಿಗಾಲವನ್ನು ಕಳೆಯಲು ಸ್ಪೇನಿಗೆ ಸೇರಿದ ಮಜೋರ್ಕಾ ದ್ವೀಪಕ್ಕೆ ಹೋಗಿದ್ದನು. ಅವನಿಗಿರುವುದು ಕ್ಷಯವೆಂಬ ಸುದ್ದಿ ಹಬ್ಬಿದೊಡನೆ ಮನೆಯ ಯಜಮಾನನು ಅವನನ್ನೂ ಅವನ ಸಂಗಡಿಗರನ್ನೂ ಮನೆ ಬಿಡಿಸಿದನು. ಪ್ಯಾರಿಸ್ಸಿನಲ್ಲಿಯಾದರೋ ಅದೇ ಶೋಪ್ಯಾನ್ ಸಿರಿವಂತರ ಮನೆಗಳಲ್ಲಿ ಸತ್ಕಾರ ಪಡೆಯುತ್ತಿದ್ದವನು. 1865ರಲ್ಲಿ ವಿಲ್ಮ್ಯಾಂ ಎಂಬ ಫ್ರೆಂಚ್ ಸೇನಾವೈದ್ಯನು, ಕ್ಷಯದಿಂದ ಸತ್ತವರ ದೇಹದಿಂದ ತೆಗೆದ ದ್ರವ್ಯವನ್ನು ಮೊಲಗಳಿಗೆ ಚುಚ್ಚಿ, ಅವುಗಳಿಗೂ ರೋಗ ತಗಲುವುದನ್ನು ತೋರಿಸಿದನು. 1882ನೆಯ ಇಸವಿ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನೇ ಕಂಡುಹಿಡಿದುದನ್ನು ವಿದ್ವಾಂಸರ ಮುಂದೆ ಪ್ರಕಟಿಸಿದನು. ಅಂಟುರೋಗದ ಪಕ್ಷವೇ ಗೆದ್ದಂತಾಯಿತು.

ಆದರೂ ಒಂದು ಪ್ರಶ್ನೆ ಉಳಿಯಿತು. ರೋಗಾಣು ದೇಹವನ್ನು ಹೊಕ್ಕವರೆಲ್ಲರೂ ರೋಗಿಗಳಾಗುವುದಿಲ್ಲ. ಇಂದು ಲೋಕದ ಜನರಲ್ಲಿ ಸುಮಾರು ಕಾಲುಭಾಗದವರಿಗೆ ಕ್ಷಯಾಣುವಿನ ಸೋಂಕು ತಗಲಿದೆಯೆಂದು ಅಂದಾಜು. ಅವರಲ್ಲಿ ತಮ್ಮ ಜೀವಮಾನದಲ್ಲಿ ಕಾಯಿಲೆ ಬೀಳುವವರು ನೂರಕ್ಕೆ 5ರಿಂದ 10 ಮಂದಿ ಮಾತ್ರ. ಉಳಿದವರು ರೋಗಾಣುವನ್ನು ಒಳಗೇ ಅದುಮಿಟ್ಟುಕೊಂಡು ಆಯುಷ್ಯ ಮುಗಿಸುತ್ತಾರೆ. ಜರ್ಮನಿಯ ಲ್ಯೂಬೆಕ್ ನಗರದಲ್ಲಿ 1929-30ರಲ್ಲಿ ಒಂದು ದಾರುಣ ಪ್ರಮಾದ ನಡೆಯಿತು. ನವಜಾತ ಶಿಶುಗಳಿಗೆ ಬಾಯಿಯ ಮೂಲಕ ಕೊಟ್ಟ ಬಿ.ಸಿ.ಜಿ. ಲಸಿಕೆಯಲ್ಲಿ ಉಗ್ರವಾದ ಜೀವಂತ ಕ್ಷಯಾಣುಗಳು ಬೆರೆತುಹೋಗಿದ್ದವು. ಅದನ್ನು ಸೇವಿಸಿದ ಸುಮಾರು 250 ಮಕ್ಕಳಲ್ಲಿ 70ಕ್ಕೂ ಹೆಚ್ಚು ಮಕ್ಕಳು ಸತ್ತರು. ಉಳಿದವರಲ್ಲಿ ಹೆಚ್ಚಿನವರು ಕಾಯಿಲೆ ಬಿದ್ದರೂ ಚೇತರಿಸಿಕೊಂಡರು. ಎಲ್ಲ ಮಕ್ಕಳ ಹೊಟ್ಟೆ ಸೇರಿದ ರೋಗಾಣುವಿನ ಪ್ರಮಾಣ ಒಂದೇ ಆಗಿರಲಿಲ್ಲವೆಂಬುದು ನಿಜ. ಆದರೂ, ಒಂದೇ ಊರಿನ, ಒಂದೇ ವಯಸ್ಸಿನ ಮಕ್ಕಳಲ್ಲಿ ಕೆಲವರು ಸತ್ತು ಹಲವರು ಉಳಿದುದನ್ನು ಕಂಡ ವೈದ್ಯರು ರೋಗಾಣುವಿನಾಚೆಗೆ ದೇಹದ ಸ್ವಭಾವದ ಕಡೆಗೂ ದೃಷ್ಟಿ ಹರಿಸಬೇಕಾಯಿತು.

ಅವಳಿ ಮಕ್ಕಳ ಅಧ್ಯಯನ ಈ ದಿಕ್ಕಿನಲ್ಲಿ ಹೆಚ್ಚು ಸ್ಪಷ್ಟವಾದ ಸಾಕ್ಷ್ಯವನ್ನು ಒದಗಿಸಿತು. ಒಂದೇ ಭ್ರೂಣ ಎರಡಾಗಿ ಹುಟ್ಟಿದ ಏಕರೂಪಿ ಅವಳಿಗಳ ವಂಶವಾಹಿಗಳು ಒಂದೇ. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳು ಸಾಮಾನ್ಯ ಒಡಹುಟ್ಟಿದವರಷ್ಟೇ ಹೋಲುತ್ತಾರೆ. ಇಂಗ್ಲೆಂಡಿನಲ್ಲಿ ಸಂಗ್ರಹಿಸಿದ್ದ ಅವಳಿಗಳ ಮಾಹಿತಿಯನ್ನು ಅಮೆರಿಕದ ಜಾರ್ಜ್ ಕಾಮ್‌ಸ್ಟಾಕ್ 1978ರಲ್ಲಿ ಮರುಪರಿಶೀಲಿಸಿದನು. ಅವಳಿಗಳಲ್ಲಿ ಒಬ್ಬರಿಗೆ ಕ್ಷಯ ಬಂದಾಗ ಇನ್ನೊಬ್ಬರಿಗೂ ಬರುವ ಸಂಭವ ಏಕರೂಪಿಗಳಲ್ಲಿ ಉಳಿದ ಅವಳಿಗಳಿಗಿಂತ ಸುಮಾರು ಎರಡರಷ್ಟು ಎಂದು ಅವನು ತೋರಿಸಿದನು. ರೋಗಾಣುವನ್ನು ಎದುರಿಸುವ ಶಕ್ತಿಯಲ್ಲಿ ವಂಶಗುಣಕ್ಕೆ ಒಂದು ಪಾಲು ಉಂಟೆಂಬುದನ್ನು ಇನ್ನು ಅಲ್ಲಗಳೆಯುವಂತಿಲ್ಲ.

ಆದರೆ ಈ ಜ್ಞಾನದ ಇತಿಹಾಸ ನಿಷ್ಕಳಂಕವಾದುದಲ್ಲ. ಕ್ಷಯಪೀಡಿತ ಅವಳಿಗಳನ್ನು ಕುರಿತ ಮೊದಲ ದೊಡ್ಡ ಗ್ರಂಥ ಜರ್ಮನಿಯಲ್ಲಿ 1933ರಲ್ಲಿ ಪ್ರಕಟವಾಯಿತು. ಅದನ್ನು ಬರೆದ ಇಬ್ಬರಲ್ಲಿ ಒಬ್ಬನಾದ ಫೆರ್ಶೂಅರ್ ಮುಂದೆ ನಾಜಿ ಆಳ್ವಿಕೆಯ 'ಜನಾಂಗಶುದ್ಧಿ'ಯ ಶಾಸ್ತ್ರಕ್ಕೆ ದೊಡ್ಡ ಆಧಾರವಾಗಿ ನಿಂತನು. ಆಶ್‌ವಿಟ್ಸ್ ಶಿಬಿರದಲ್ಲಿ ಅವಳಿ ಮಕ್ಕಳ ಮೇಲೆ ಕ್ರೂರ ಪ್ರಯೋಗಗಳನ್ನು ನಡೆಸಿದ ಮೆಂಗೆಲೆ ಅವನ ಶಿಷ್ಯ. ವ್ಯಕ್ತಿ ವ್ಯಕ್ತಿಯ ನಡುವಿನ ವ್ಯತ್ಯಾಸವನ್ನು ತೋರಿಸುವ ಸಾಕ್ಷ್ಯದಿಂದ ಜನಾಂಗ ಜನಾಂಗದ ನಡುವೆ ಮೇಲು ಕೀಳುಗಳನ್ನು ಎಣಿಸುವ ತೀರ್ಮಾನಕ್ಕೆ ಹಾರುವುದು ಎಷ್ಟು ಸುಲಭ, ಎಷ್ಟು ಭಯಂಕರ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಇಂಥ ಹಾರಿಕೆ ಜರ್ಮನಿಯಲ್ಲಿ ಮಾತ್ರ ನಡೆಯಿತೆಂದು ತಿಳಿಯಬಾರದು. ಪ್ರಜಾಪ್ರಭುತ್ವದ ದೇಶಗಳಲ್ಲಿ, ಸಜ್ಜನರಾದ ವೈದ್ಯರ ಬರವಣಿಗೆಯಲ್ಲಿಯೂ ಅದು ಕಾಣಿಸಿಕೊಂಡಿತು. ಕೆನಡಾ ದೇಶದ ಕ್ವಾಪೆಲ್ ಕಣಿವೆಯ ಕಥೆಯನ್ನು ನಾನು ಆರಿಸಿಕೊಂಡುದಕ್ಕೆ ಇದೇ ಕಾರಣ.

ಕ್ವಾಪೆಲ್ ಎಂಬುದು ಇಂದಿನ ಸಸ್ಕಾಚೆವನ್ ಪ್ರಾಂತದ ಬಯಲುಸೀಮೆಯಲ್ಲಿ ಹರಿಯುವ ನದಿ. ಫ್ರೆಂಚ್ ಭಾಷೆಯಲ್ಲಿ ಆ ಹೆಸರಿಗೆ 'ಕರೆಯುವವರು ಯಾರು' ಎಂದರ್ಥ. ಅದರ ಕಣಿವೆಯಲ್ಲಿಯೂ ಸುತ್ತಣ ಬಯಲಿನಲ್ಲಿಯೂ ಕ್ರೀ, ಸೋಟೋ, ಅಸಿನಿಬೊಯಿನ್ ಎಂಬ ಮೂಲನಿವಾಸಿಗಳು ಬಾಳುತ್ತಿದ್ದರು. ಬೈಸನ್ ಎಂಬ ಕಾಡುಕೋಣದಂಥ ಪ್ರಾಣಿಯೇ ಅವರ ಜೀವನಾಧಾರ. ಅನ್ನವೂ ಅದೇ, ಹೊದಿಕೆಯೂ ಅದೇ, ಡೇರೆಯ ಚರ್ಮವೂ ಅದೇ. 1880ರ ದಶಕದಲ್ಲಿ ಈ ಜನರಲ್ಲಿ ಕ್ಷಯವು ಕಾಳ್ಗಿಚ್ಚಿನಂತೆ ಹಬ್ಬಿತು. 1886ರಲ್ಲಿ, ಒಂದೇ ವರ್ಷದಲ್ಲಿ, ನೂರಕ್ಕೆ 9 ಮಂದಿಯಂತೆ ಆ ರೋಗಕ್ಕೆ ಬಲಿಯಾದರೆಂದು ಮುಂದೆ ಅಲ್ಲಿ ಸ್ಯಾನಟೋರಿಯಂ ನಡೆಸಿದ ಡಾಕ್ಟರ್ ಫರ್ಗುಸನ್ ಲೆಕ್ಕ ಹಾಕಿದ್ದಾನೆ. ನೂರು ಮನೆಗಳಿರುವ, ಐನೂರು ಜನರಿರುವ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳಿ. ಆ ಲೆಕ್ಕದಲ್ಲಿ ಅಲ್ಲಿ ಒಂದೇ ಕಾಯಿಲೆಯಿಂದ ಒಂದೇ ವರ್ಷದಲ್ಲಿ 45 ಹೆಣಗಳು ಏಳಬೇಕು. ಮೂರು ತಲೆಮಾರುಗಳು ಕಳೆಯುವಷ್ಟರಲ್ಲಿ ಅರ್ಧದಷ್ಟು ಕುಟುಂಬಗಳು ನಿರ್ವಂಶವಾದವು. ಆಮೇಲೆ ಸಾವಿನ ಪ್ರಮಾಣ ಕ್ರಮೇಣ ಇಳಿಯುತ್ತ ಬಂದಿತು.

ಇದಕ್ಕೆ ಪಂಡಿತರು ಕೊಟ್ಟ ವಿವರಣೆ ಮೇಲುನೋಟಕ್ಕೆ ಬಹಳ ಸಮಂಜಸವಾಗಿತ್ತು. ಯೂರೋಪಿನವರು ಶತಮಾನಗಳ ಕಾಲ ಕ್ಷಯದೊಡನೆ ಬಾಳಿದವರು. ಅವರಲ್ಲಿ ದುರ್ಬಲರು ಎಂದೋ ಸತ್ತುಹೋಗಿ, ಎದುರಿಸಬಲ್ಲವರ ಸಂತತಿ ಉಳಿದಿದೆ. ಮೂಲನಿವಾಸಿಗಳಾದರೋ ಆ ರೋಗವನ್ನು ಕಂಡರಿಯದವರು. ಅವರ ರಕ್ತದಲ್ಲಿ ಆ ಶಕ್ತಿ ಇರಲಿಲ್ಲ. ಉಳುಮೆ ಕಾಣದ ನೆಲದಲ್ಲಿ ಬಿದ್ದ ಬೀಜದಂತೆ ರೋಗಾಣು ಅವರಲ್ಲಿ ಹುಲುಸಾಗಿ ಬೆಳೆಯಿತು. ದುರ್ಬಲರು ಅಳಿದರು, ಬಲವಂತರು ಉಳಿದರು, ರೋಗ ಇಳಿಯಿತು. 1950ರ ದಶಕದ ವೈದ್ಯಕೀಯ ಗ್ರಂಥಗಳಲ್ಲಿ ಕ್ವಾಪೆಲ್ ಕಣಿವೆಯು ಪ್ರಕೃತಿಯ ಆಯ್ಕೆ ಮನುಷ್ಯನಲ್ಲಿ ಕೆಲಸ ಮಾಡುವುದಕ್ಕೆ ಮಾದರಿಯಾಗಿ ನಿಂತಿತು. ಈ ವಿವರಣೆಯಲ್ಲಿ ಯಾರ ತಪ್ಪೂ ಇಲ್ಲ. ತಪ್ಪು ಇದ್ದರೆ ಅದು ಸತ್ತವರ ರಕ್ತದ್ದು.

ಈಗ ಅದೇ ವರ್ಷಗಳ ಆಡಳಿತದ ಚರಿತ್ರೆಯನ್ನು ಪಕ್ಕದಲ್ಲಿಟ್ಟು ನೋಡೋಣ. 1874ರಲ್ಲಿ ಕ್ವಾಪೆಲ್ ಕೋಟೆಯ ಬಳಿ ಈ ಜನರು ಕೆನಡಾ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು ತಮ್ಮ ವಿಶಾಲವಾದ ನೆಲವನ್ನು ಬಿಟ್ಟುಕೊಟ್ಟರು. 1880ರ ಹೊತ್ತಿಗೆ, ಎಗ್ಗಿಲ್ಲದ ಬೇಟೆಯ ಫಲವಾಗಿ, ಕೆನಡಾದ ಬಯಲಿನಿಂದ ಬೈಸನ್ ಹಿಂಡುಗಳು ಮಾಯವಾಗಿದ್ದವು. ಹಸಿದ ಜನರಿಗೆ ಧಾನ್ಯ ಕೊಡುವ ಅಧಿಕಾರ ಸರ್ಕಾರದ ಕೈಯಲ್ಲಿತ್ತು. ಮೀಸಲು ನೆಲಗಳಿಗೆ ಹೋಗಿ ನೆಲಸದವರಿಗೆ ಆ ಧಾನ್ಯವನ್ನು ತಡೆಹಿಡಿಯಲಾಯಿತು. ಖರ್ಚನ್ನು ಕಡಿಮೆ ಮಾಡಲು ಜನರು ಉಪವಾಸದ ಅಂಚಿಗೆ ಬರುವವರೆಗೂ ಆಹಾರ ಕೊಡದಿರುವುದೇ ತಮ್ಮ ಕ್ರಮವೆಂಬ ಅರ್ಥದ ಮಾತನ್ನು ಪ್ರಧಾನಿ ಜಾನ್ ಮ್ಯಾಕ್‌ಡೊನಾಲ್ಡ್ 1882ರಲ್ಲಿ ಪಾರ್ಲಿಮೆಂಟಿನಲ್ಲಿಯೇ ಆಡಿದ್ದಾನೆ. 1885ರಿಂದ ಈಚೆಗೆ ಅಧಿಕಾರಿಯ ಚೀಟಿಯಿಲ್ಲದೆ ಮೀಸಲು ನೆಲವನ್ನು ಬಿಟ್ಟು ಹೊರಗೆ ಹೋಗುವಂತಿರಲಿಲ್ಲ. ಬಯಲಿನ ಗಾಳಿಯಲ್ಲಿ ಡೇರೆ ಹಾಕಿಕೊಂಡು ಊರಿಂದೂರಿಗೆ ಸಾಗುತ್ತಿದ್ದ ಜನರು ಮರದ ದಿಮ್ಮಿಗೆ ಮಣ್ಣು ಮೆತ್ತಿದ ಒಂದೇ ಕೋಣೆಯ ಮನೆಗಳಲ್ಲಿ, ಬಾಗಿಲು ಮುಚ್ಚಿಕೊಂಡು, ಒತ್ತಾಗಿ ಚಳಿಗಾಲ ಕಳೆಯಬೇಕಾಯಿತು. ಇದಾದ ಮರುವರ್ಷವೇ ಆ 1886. ಕೆಮ್ಮಿನ ಹನಿಯಲ್ಲಿ ಗಾಳಿಗೇರಿ ಹರಡುವ ರೋಗಾಣುವಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡನ್ನು ಯಾರೂ ಮಾಡಿಕೊಡಲಾರರು.

ಮಕ್ಕಳ ಗತಿ ಇನ್ನೂ ದುಃಖಕರ. ಅವರನ್ನು ತಂದೆತಾಯಿಗಳಿಂದ ಅಗಲಿಸಿ ವಸತಿ ಶಾಲೆಗಳಲ್ಲಿ ಇರಿಸುತ್ತಿದ್ದರು. ಪೀಟರ್ ಬ್ರೈಸ್ ಎಂಬ ಸರ್ಕಾರಿ ವೈದ್ಯಾಧಿಕಾರಿ 1907ರಲ್ಲಿ ಬಯಲುಸೀಮೆಯ ಇಂಥ 35 ಶಾಲೆಗಳನ್ನು ಪರಿಶೀಲಿಸಿ ವರದಿ ಕೊಟ್ಟನು. ಗಾಳಿಯಾಡದ ಮಲಗುವ ಕೋಣೆಗಳು, ರೋಗಿಗಳ ಪಕ್ಕದಲ್ಲಿ ಮಲಗಿದ ನೀರೋಗಿ ಮಕ್ಕಳು. ಲೆಕ್ಕ ಒಪ್ಪಿಸಿದ 15 ಶಾಲೆಗಳಲ್ಲಿ ಓದಿದ್ದ 1,537 ಮಕ್ಕಳಲ್ಲಿ ಸುಮಾರು ಕಾಲುಭಾಗ ಆಗಲೇ ಸತ್ತಿದ್ದರು. ಕ್ವಾಪೆಲ್ ಸೀಮೆಯದೇ ಆದ ಫೈಲ್ ಹಿಲ್ಸ್ ಶಾಲೆಯಿಂದ ಹೊರಬಂದಿದ್ದವರಲ್ಲಿ ಶೇಕಡಾ 69 ಮಂದಿ ಬದುಕಿರಲಿಲ್ಲ. ಬ್ರೈಸ್ ಮಾಡಿದ ಸಲಹೆಗಳನ್ನು ಸರ್ಕಾರ ಬದಿಗಿಟ್ಟಿತು. ಆ ಇಲಾಖೆಯ ಮುಖ್ಯಸ್ಥನಾಗಿ 1913ರಲ್ಲಿ ಬಂದ ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್ ಕೆನಡಾದ ಹೆಸರಾಂತ ಕವಿ. ಅವನ ಕಾಲದಲ್ಲಿಯೂ ಶಾಲೆಗಳ ನೀತಿ ಬದಲಾಗಲಿಲ್ಲ. ಸೇವೆಯಿಂದ ನಿವೃತ್ತನಾದ ಬ್ರೈಸ್ 1922ರಲ್ಲಿ ತನ್ನ ಅನುಭವವನ್ನು ಒಂದು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದನು. 'ಒಂದು ರಾಷ್ಟ್ರೀಯ ಅಪರಾಧದ ಕಥೆ' ಎಂಬುದು ಅದರ ಹೆಸರು.

ಇಷ್ಟನ್ನು ಹೇಳಿದರೂ ರಕ್ತದ ವಾದವನ್ನು ಹಿಡಿದವರು ಒಂದು ಮಾತು ಹೇಳಬಹುದು. ಹಸಿವು, ಇಕ್ಕಟ್ಟು ಇದ್ದಿರಬಹುದು. ಆದರೆ ರೋಗಾಣು ಹೊಸದು, ಜನ ಹೊಸಬರು, ಆದುದರಿಂದ ಸಾವು ಅನಿವಾರ್ಯ ಎಂದು. ಈ ವಾದಕ್ಕೆ ಉತ್ತರ ಬಂದುದು ಅನಿರೀಕ್ಷಿತವಾದ ಕಡೆಯಿಂದ, ರೋಗಾಣುವಿನಿಂದಲೇ. ಮನೆತನಗಳಿಗೆ ವಂಶಾವಳಿ ಇರುವಂತೆ ರೋಗಾಣುವಿಗೂ ವಂಶಾವಳಿ ಇದೆ. ಅದರ ವಂಶವಾಹಿಗಳಲ್ಲಿ ಆಗುವ ಚಿಕ್ಕಚಿಕ್ಕ ಬದಲಾವಣೆಗಳನ್ನು ಹೋಲಿಸಿ, ಯಾವ ಕವಲು ಯಾವುದರಿಂದ, ಸುಮಾರು ಯಾವಾಗ ಒಡೆಯಿತೆಂದು ಲೆಕ್ಕ ಹಾಕಬಹುದು. ಕೈಟ್ಲಿನ್ ಪೆಪ್ಪರೆಲ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಶ್ಚಿಮ ಕೆನಡಾದ ಮೂಲನಿವಾಸಿಗಳಲ್ಲಿ ಕಂಡುಬರುವ ಕ್ಷಯಾಣುವಿನ ಒಂದು ಕವಲು ಪೂರ್ವದ ಕ್ವಿಬೆಕ್ ಪ್ರಾಂತದ ಫ್ರೆಂಚರಲ್ಲಿರುವ ಕವಲಿನದೇ ಸಂತತಿ ಎಂದು ತೋರಿಸಿದರು. ಅದನ್ನು ಹೊತ್ತು ತಂದವರು ತುಪ್ಪಳದ ವ್ಯಾಪಾರಕ್ಕಾಗಿ ದೋಣಿಗಳಲ್ಲಿ ನದಿನದಿಗಳನ್ನು ದಾಟಿ ಬಂದ ವ್ಯಾಪಾರಿಗಳು. ಕಾಲ ಸುಮಾರು 1710ರಿಂದ 1870ರವರೆಗೆ.

ಇದರ ಅರ್ಥವನ್ನು ಕೇಳುಗರು ಗಮನಿಸಬೇಕು. ರೋಗಾಣು ಆ ಸೀಮೆಗೆ ಹೊಸದಾಗಿರಲಿಲ್ಲ. ಮಹಾಮಾರಿ ಏಳುವುದಕ್ಕೆ ಮೊದಲೇ, ಹಲವು ತಲೆಮಾರುಗಳ ಕಾಲ ಅದು ಈ ಜನರ ನಡುವೆ ಇದ್ದಿತು. ಅಲ್ಲೊಬ್ಬರು ಇಲ್ಲೊಬ್ಬರು ಕಾಯಿಲೆ ಬಿದ್ದಿರಬೇಕು. ಆದರೆ ಬೈಸನ್ ಮಾಂಸ ಉಂಡು ಬಯಲಿನಲ್ಲಿ ತಿರುಗುತ್ತಿದ್ದ ಜನರಲ್ಲಿ ಅದು ಕಾಳ್ಗಿಚ್ಚಾಗಲಿಲ್ಲ. ರಕ್ತ ಅದೇ, ರೋಗಾಣು ಅದೇ. ಬದಲಾದುದು ಬಾಳಿನ ಸ್ಥಿತಿ.

ರೋಗ ಇಳಿದ ಬಗೆಯೂ ಇದನ್ನೇ ಹೇಳುತ್ತದೆ. 1930ರಲ್ಲಿ ಕ್ವಾಪೆಲ್ ಮೀಸಲು ನೆಲಗಳಲ್ಲಿ ಒಂದು ಆರೋಗ್ಯ ಯೋಜನೆ ಆರಂಭವಾಯಿತು. ಮನೆಗಳ ದುರಸ್ತಿ, ಕುಡಿಯುವ ನೀರಿಗೆ ಬಾವಿ, ಉತ್ತಮವಾದ ಆಹಾರ, ಮನೆಮನೆಗೆ ಬರುವ ದಾದಿ, ಇಷ್ಟೇ ಅದರ ಕಾರ್ಯಕ್ರಮ. ಎರಡು ವರ್ಷಗಳಲ್ಲಿ ಕ್ಷಯದ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಫರ್ಗುಸನ್ ಅಲ್ಲಿಯೇ ಶಿಶುಗಳಿಗೆ ಬಿ.ಸಿ.ಜಿ. ಲಸಿಕೆಯ ಪ್ರಯೋಗವನ್ನು ಕೈಗೊಂಡುದು ಆಮೇಲೆ, 1933ರಲ್ಲಿ. ಲಸಿಕೆ ಪಡೆದ 306 ಮಕ್ಕಳಲ್ಲಿ 6 ಮಂದಿಗೂ, ಪಡೆಯದ 303 ಮಕ್ಕಳಲ್ಲಿ 29 ಮಂದಿಗೂ ಕ್ಷಯ ಬಂದಿತು. ಬಾವಿಯಿಂದ, ಊಟದಿಂದ, ಲಸಿಕೆಯಿಂದ ಇಳಿಯುವ ರೋಗವನ್ನು ರಕ್ತದ ವಿಧಿಯೆಂದು ಕರೆಯುವುದು ಹೇಗೆ? ಎರಡು ವರ್ಷಗಳಲ್ಲಿ ಯಾವ ಜನಾಂಗದ ವಂಶಗುಣವೂ ಬದಲಾಗದು.

ಹಾಗಾದರೆ ವಂಶಗುಣಕ್ಕೆ ಸ್ಥಾನವೇ ಇಲ್ಲವೆ? ಇದೆ, ಅದನ್ನು ಅದರ ಅಳತೆಯಲ್ಲಿ ತಿಳಿಯಬೇಕು. 1993ರಲ್ಲಿ ಕೆನಡಾದ್ದೇ ಆದ ಮಾಂಟ್ರಿಯಲ್ ನಗರದ ವಿಜ್ಞಾನಿಗಳು ಇಲಿಗಳಲ್ಲಿ ಒಂದು ವಂಶವಾಹಿಯನ್ನು ಗುರುತಿಸಿದರು. ರೋಗಾಣುವನ್ನು ನುಂಗಿದ ರಕ್ತಕಣವು, ಅದು ಬೆಳೆಯಲು ಬೇಕಾದ ಕಬ್ಬಿಣ ಮೊದಲಾದ ಲೋಹಾಂಶಗಳನ್ನು ಅದಕ್ಕೆ ಸಿಗದಂತೆ ಹೊರಹಾಕುವ ಕೆಲಸ ಈ ವಂಶವಾಹಿಯದು. 1998ರಲ್ಲಿ ಆಫ್ರಿಕದ ಗ್ಯಾಂಬಿಯಾ ದೇಶದಲ್ಲಿ ನಡೆದ ಅಧ್ಯಯನದಲ್ಲಿ, ಮನುಷ್ಯರಲ್ಲಿರುವ ಇದೇ ವಂಶವಾಹಿಯ ಕೆಲವು ರೂಪಭೇದಗಳು ಕ್ಷಯರೋಗಿಗಳಲ್ಲಿ ಹೆಚ್ಚಾಗಿ ಕಂಡುಬಂದವು. 2000ದಲ್ಲಿ ಕೆನಡಾದ ಒಂದು ದೊಡ್ಡ ಮೂಲನಿವಾಸಿ ಕುಟುಂಬದಲ್ಲಿಯೂ ಅದರ ಪ್ರಭಾವ ತೋರಿಬಂದಿತು. ಒಂದೇ ಕುಟುಂಬದೊಳಗೆ ಯಾರು ಬೇಗ ಕಾಯಿಲೆ ಬೀಳುತ್ತಾರೆ, ಯಾರು ತಡೆದುಕೊಳ್ಳುತ್ತಾರೆ ಎಂಬುದನ್ನು ಅದು ಸ್ವಲ್ಪಮಟ್ಟಿಗೆ ವಿವರಿಸುತ್ತದೆ.

ಇನ್ನೊಂದು ವಂಶವಾಹಿಯ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ಟಿ.ವೈ.ಕೆ.2 ಎಂಬುದು ಅದರ ಹೆಸರು. ರೋಗಾಣುವನ್ನು ನುಂಗಿದ ಕಣಕ್ಕೆ 'ಅದನ್ನು ಕೊಲ್ಲು' ಎಂಬ ಸೂಚನೆ ಹೊರಡಿಸುವ ವ್ಯವಸ್ಥೆಯಲ್ಲಿ ಅದೊಂದು ಕೊಂಡಿ. ಅದರ ಒಂದು ದುರ್ಬಲ ರೂಪವನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದವರಲ್ಲಿ ಆ ಸೂಚನೆ ಕುಂದುತ್ತದೆ, ಕ್ಷಯದ ಭಯ ಹೆಚ್ಚುತ್ತದೆ. 2018ರಲ್ಲಿ ತಿಳಿದುಬಂದ ಈ ದೌರ್ಬಲ್ಯ ಎಲ್ಲರಿಗಿಂತ ಹೆಚ್ಚಾಗಿರುವುದು ಯೂರೋಪಿನ ಮೂಲದವರಲ್ಲಿ, ಸುಮಾರು 600 ಮಂದಿಗೆ ಒಬ್ಬರಂತೆ. ಕ್ಷಯವನ್ನು ಗೆದ್ದ ರಕ್ತವೆಂದು ಯಾವುದನ್ನು ಹೊಗಳಿದ್ದರೋ ಅದೇ ರಕ್ತದಲ್ಲಿ! ಪ್ರಾಚೀನ ಎಲುಬುಗಳಿಂದ ವಂಶವಾಹಿಗಳನ್ನು ತೆಗೆದು ನೋಡಿದ 2021ರ ಅಧ್ಯಯನವೊಂದು, ಈ ದುರ್ಬಲ ರೂಪ ಯೂರೋಪಿನಲ್ಲಿ ಸುಮಾರು 3000 ವರ್ಷಗಳ ಹಿಂದೆ ಶೇಕಡಾ 9ರಷ್ಟಿದ್ದು ಈಗ ಶೇಕಡಾ 3ಕ್ಕೆ ಇಳಿದಿದೆಯೆಂದು ತೋರಿಸಿತು. ಕ್ಷಯವು ಮನುಷ್ಯನ ವಂಶಗುಣವನ್ನು ತಿದ್ದಿದುದು ಸತ್ಯ. ಆದರೆ ಆ ತಿದ್ದುಪಡಿಗೆ ಹಿಡಿದುದು ಸಾವಿರಾರು ವರ್ಷ. ಕ್ವಾಪೆಲ್ ಕಣಿವೆಯ ಮೂರು ತಲೆಮಾರುಗಳ ಏರಿಳಿತಕ್ಕೆ ಅದನ್ನು ಕಾರಣವಾಗಿ ಹೇಳಲು ಬಾರದು. ಬರ ಬಂದಾಗ ಯಾವ ಗಿಡ ಮೊದಲು ಬಾಡುತ್ತದೆ ಎಂಬುದು ಆ ಗಿಡದ ಗುಣ. ಆದರೆ ಬರ ಬಂದುದಕ್ಕೆ ಗಿಡ ಹೊಣೆಯಲ್ಲ.

ಈ ವಿಚಾರ ನಮ್ಮ ದೇಶಕ್ಕೆ ದೂರವಾದುದಲ್ಲ. ಲೋಕದ ಕ್ಷಯರೋಗಿಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ಮಂದಿ ಭಾರತದವರು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಇವರೂ ಸಂಗಡಿಗರೂ ಸೇರಿ ಜಾರ್ಖಂಡ್ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ 2022ರವರೆಗೆ ಒಂದು ಪ್ರಯೋಗ ನಡೆಸಿದರು. ಆದಿವಾಸಿಗಳು ಬಹುಸಂಖ್ಯೆಯಲ್ಲಿರುವ ನಾಡು ಅದು; ತೆಳ್ಳಗಿನ ಮೈ, ಬಡತನ, ಕ್ಷಯ ಮೂರೂ ಒಟ್ಟಿಗಿರುವ ನಾಡು. ರೋಗಿಗಳ ಮನೆಯಲ್ಲಿಯೇ ವಾಸಿಸುವ 10,345 ಮಂದಿ ಈ ಪ್ರಯೋಗಕ್ಕೆ ಸೇರಿದರು. ರೋಗಿಗಳಿಗೆಲ್ಲ ಪಡಿ ದೊರೆಯುತ್ತಿತ್ತು. ಒಂದು ಗುಂಪಿನ ಮನೆಗಳಲ್ಲಿ ಮಾತ್ರ, ಉಳಿದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಜೀವಸತ್ವದ ಮಾತ್ರೆಗಳನ್ನು ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಇತರರಿಗೆ ಹರಡುವ ಶ್ವಾಸಕೋಶದ ಕ್ಷಯವಂತೂ ಶೇಕಡಾ 48ರಷ್ಟು ಕಡಿಮೆಯಾಯಿತು. ಈ ಫಲಿತಾಂಶ 2023ರಲ್ಲಿ ಪ್ರಕಟವಾಗಿದೆ.

ಎರಡು ಗುಂಪಿನವರೂ ಒಂದೇ ನಾಡಿನ ಜನ, ಒಂದೇ ಬಗೆಯ ರಕ್ತದವರು, ಒಂದೇ ರೋಗಾಣುವಿನ ನೆರೆಯಲ್ಲಿ ಮಲಗುವವರು. ಅವರ ನಡುವೆ ಇದ್ದ ವ್ಯತ್ಯಾಸ ಅಕ್ಕಿ, ಬೇಳೆ, ಒಂದಿಷ್ಟು ಮಾತ್ರೆ. ವಂಶವಾಹಿಗಳ ಶಾಸ್ತ್ರ ಬೆಳೆಯಲಿ. ಯಾರಿಗೆ ಯಾವ ಔಷಧಿ, ಯಾವ ಲಸಿಕೆ ಹಿಡಿಸುತ್ತದೆಂದು ತಿಳಿಯಲು ಅದು ನೆರವಾದೀತು. ಆದರೆ ಯಾವುದೋ ಒಂದು ಜನ ತಮ್ಮ ರಕ್ತದ ದೋಷದಿಂದ ಸಾಯುತ್ತಿದ್ದಾರೆಂದು ಯಾರಾದರೂ ಹೇಳಿದರೆ, ಆ ರಕ್ತವನ್ನು ಪರೀಕ್ಷಿಸುವುದಕ್ಕೆ ಮೊದಲು ಆ ಸೀಮೆಯ ಉಗ್ರಾಣದ ಲೆಕ್ಕವನ್ನು ತರಿಸಿ ನೋಡುವುದು ಇತಿಹಾಸ ಓದುವವರ ಕರ್ತವ್ಯ. ಕ್ವಾಪೆಲ್ ಕಣಿವೆಯ ಹಸಿದ ಜನರಿಗೆ 1880ರ ದಶಕದಲ್ಲಿ ತಡೆಹಿಡಿದುದು ಇಂಥ ಒಂದು ಪಡಿಯನ್ನೇ.